ಡೆಬಿಯನ್ನಿನ ಮೊದಲ ಡಿಸ್ಕಿನಲ್ಲಿ ಯಾರಿಗೆ ಜಾಗ?

2021ರಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿಗೆ ಸದಸ್ಯರೊಬ್ಬರು ನಾಲ್ಕು ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಅವಕ್ಕೆ ಲಿನಕ್ಸ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಲಿನಕ್ಸ್ ಎಂದರೆ ನಿಜಕ್ಕೂ ತಿರುಳು ಮಾತ್ರ. ಅದರ ಸುತ್ತ ಬ್ರೌಸರ್, ಫಾಂಟ್, ಬರೆಯುವ ತಂತ್ರಾಂಶ ಎಲ್ಲವನ್ನೂ ಆರಿಸಿ ಜೋಡಿಸಿಕೊಡುವವರು ಡೆಬಿಯನ್, ಉಬುಂಟು ಮುಂತಾದ ವಿತರಣೆಗಳವರು. ಕವನ ಸಂಕಲನದ ಆಯ್ಕೆಯನ್ನು ವಿಮರ್ಶಿಸುವ ನಾವು ಈ ಆಯ್ಕೆಯನ್ನು ಮಾತ್ರ ಪ್ರಶ್ನಿಸುವುದಿಲ್ಲ.

ನಾನು ಹಾಕಿದ್ದು ಡೆಬಿಯನ್. 1997ರ ಅದರ ಸಾಮಾಜಿಕ ಒಪ್ಪಂದದ ಪ್ರಕಾರ, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮಾತ್ರ ಮುಖ್ಯ ಭಂಡಾರದಲ್ಲಿ ಸ್ಥಾನ; ಉಳಿದವು ಹೊರಜಗುಲಿಯಲ್ಲಿ. ಎಷ್ಟು ಜನ ಬಳಸುತ್ತಾರೆ ಎಂದು ಈ ನಿಯಮ ಕೇಳುವುದಿಲ್ಲ. ಜೋಡಿಸಿ ನೋಡಿಕೊಳ್ಳುವವರೊಬ್ಬರು ಸಿಕ್ಕರೆ ಸಾಕು. ನಮ್ಮ ‘ಗುಬ್ಬಿ’, ‘ನವಿಲು’ ಫಾಂಟುಗಳು ಒಳಗೆ ಕೂತಿರುವುದು ಹೀಗೆ.

ಆದರೆ ಅಂದು ಎರಡು ಲ್ಯಾಪ್‌ಟಾಪುಗಳಲ್ಲಿ ವೈಫೈ ಏಳಲೇ ಇಲ್ಲ. ಅದರ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಮುಕ್ತವಲ್ಲ, ಆದ್ದರಿಂದ ಡಿಸ್ಕಿನಲ್ಲಿರಲಿಲ್ಲ. ಅದನ್ನೂ ಸೇರಿಸಿದ ಪ್ರತಿಯೊಂದು ಇತ್ತು, ‘ಅನಧಿಕೃತ’ ಎಂಬ ಹಣೆಪಟ್ಟಿಯೊಡನೆ ಮೂಲೆಯಲ್ಲಿ. ಹೊಸಬರಿಗೆ ಅದು ಕಾಣುವುದಾದರೂ ಹೇಗೆ? 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಇದನ್ನು ಬದಲಿಸಿದರು. ಜೂನ್ 2023ರ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಅಧಿಕೃತ ಡಿಸ್ಕಿನಲ್ಲೇ ಬರುತ್ತಿದೆ. ತತ್ವ ಸಡಿಲವಾಯಿತೆಂದು ಕೆಲವರಿಗೆ ಬೇಸರ. ನನಗೆ ತಡವಾಯಿತೆಂದೇ ಬೇಸರ.

ನನ್ನ ನಿಜವಾದ ತಕರಾರು ಬೇರೆ. ಭಂಡಾರವಿಡೀ ಒಂದು ಡಿಸ್ಕಿನಲ್ಲಿ ಹಿಡಿಸದು. ಮೊದಲ ಡಿಸ್ಕಿಗೆ ಯಾವುದು ಎಂಬುದಕ್ಕೆ ‘ಪಾಪ್‌ಕಾನ್’ ಎಂಬ ಬಳಕೆಯ ಎಣಿಕೆಯನ್ನು ನೋಡುತ್ತಾರೆ. ಒಪ್ಪಿದವರ ಕಂಪ್ಯೂಟರ್ ವಾರಕ್ಕೊಮ್ಮೆ ವರದಿ ಕಳಿಸುತ್ತದೆ. ಕೇಳಿಯೇ ಎಣಿಸುವುದು ಸಭ್ಯತೆ, ನಿಜ. ಆದರೆ ಡಿಸ್ಕ್ ಅತಿ ಅಗತ್ಯವಾಗಿ ಬೇಕಾದದ್ದು ಇಂಟರ್‌ನೆಟ್ ಇಲ್ಲದ ಊರಿನವರಿಗೆ. ವರದಿ ಕಳಿಸಲಾಗದವರೂ ಅವರೇ. ಊರಿನ ಶಾಲೆಯೊಂದರಲ್ಲಿ ಮೂವತ್ತು ಮಕ್ಕಳು ಕನ್ನಡ ಟೈಪ್ ಮಾಡಿದರೂ ಎಣಿಕೆಯಲ್ಲಿ ಸೊನ್ನೆ. ಸಣ್ಣ ಭಾಷೆಗಳ ಪೊಟ್ಟಣಗಳನ್ನು ಈ ತಕ್ಕಡಿಯಲ್ಲಿ ತೂಗಲೇಬಾರದು. ಅವುಗಳ ಗಾತ್ರವೂ ಅಂಥದ್ದೇನಲ್ಲ.

ಈ ವರ್ಷ ನಾಲ್ಕಕ್ಕೂ ಹೊಸ ಆವೃತ್ತಿ ಹಾಕಿದೆ. ವೈಫೈ ತಾನಾಗಿ ಬಂತು. ಎಣಿಕೆಗೆ ಸೇರುವಿರಾ ಎಂಬ ಪ್ರಶ್ನೆಗೆ ‘ಬೇಡ’ ಎಂಬುದು ಮೊದಲೇ ಆಯ್ಕೆಯಾಗಿರುತ್ತದೆ. ನಾಲ್ಕು ಸಲವೂ ಬದಲಿಸಿ ‘ಹೌದು’ ಒತ್ತಿದೆ.