ಆರರಲ್ಲಿ ಒಂದು ಪಾಲು

ಕ್ಯಾನ್ಸರ್ ಸಂಶೋಧಕ ರಾಬರ್ಟ್ ವೈನ್‌ಬರ್ಗ್ ಅವರ ಪ್ರಕಟಣೆಗಳನ್ನು ಉಲ್ಲೇಖಗಳ ಲೆಕ್ಕದಲ್ಲಿ ಜೋಡಿಸಿದರೆ ತುದಿಯಲ್ಲಿ ನಿಲ್ಲುವುದು ಪ್ರಯೋಗವಲ್ಲ, ಸಮೀಕ್ಷೆ. ಡಗ್ಲಾಸ್ ಹನಹಾನ್ ಜೊತೆ 2000ದಲ್ಲಿ ‘ಸೆಲ್’ ಪತ್ರಿಕೆಗೆ ಬರೆದ ‘ದಿ ಹಾಲ್‌ಮಾರ್ಕ್ಸ್ ಆಫ್ ಕ್ಯಾನ್ಸರ್’ ಮತ್ತು 2011ರ ಅದರ ಮುಂದುವರಿಕೆಯನ್ನು ಹತ್ತಾರು ಸಾವಿರ ಲೇಖನಗಳು ಉಲ್ಲೇಖಿಸಿವೆ. ಕ್ಯಾನ್ಸರ್ ಸಂಶೋಧಕರಿಗೆ ಈ ಉಲ್ಲೇಖ ಪ್ರಸಂಗದ ಮೊದಲಿನ ಗಣಪತಿ ಸ್ತುತಿಯಿದ್ದಂತೆ: ಬಿಟ್ಟರೆ ತಪ್ಪು, ಹೇಳಿದರೆ ಮುಂದಿನ ಕಥೆಗೇನೂ ಆಗುವುದಿಲ್ಲ. ಇಷ್ಟು ಕಡಿಮೆ ಪ್ರತಿರೋಧದಲ್ಲಿ ಇಷ್ಟು ದೊಡ್ಡ ಕೀರ್ತಿ ಪಡೆದ ಬರಹ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

2000ದ ಲೇಖನದ ಹೂರಣ ಎಲ್ಲರಿಗೂ ಗೊತ್ತು. ಕೋಶವೊಂದು ಕ್ಯಾನ್ಸರ್ ಆಗಲು ಆರು ಸಾಮರ್ಥ್ಯಗಳನ್ನು ಗಳಿಸಬೇಕು: ತಾನೇ ಬೆಳವಣಿಗೆಯ ಸಂಕೇತ ಕೊಟ್ಟುಕೊಳ್ಳುವುದು, ತಡೆಯುವ ಸಂಕೇತಕ್ಕೆ ಕಿವುಡಾಗುವುದು, ಸಾವನ್ನು ತಪ್ಪಿಸಿಕೊಳ್ಳುವುದು, ಮಿತಿಯಿಲ್ಲದೆ ವಿಭಜಿಸುವುದು, ರಕ್ತನಾಳ ಎಳೆದುಕೊಳ್ಳುವುದು, ಹರಡುವುದು. ಆರಕ್ಕೂ ಒಂದೊಂದು ಚಿಹ್ನೆ. ಆರೂ ಚಿಹ್ನೆಗಳು ಒಂದು ವೃತ್ತದ ಸುತ್ತ ಸರಿಸಮವಾಗಿ ಕೂತಿವೆ.

ನನ್ನ ತಕರಾರು ಈ ಸಮಪಾಲಿನ ಮೇಲೆ. ಮನುಷ್ಯರ ಕ್ಯಾನ್ಸರ್ ಸಾವುಗಳಲ್ಲಿ ಶೇ. 90ಕ್ಕೆ ಕಾರಣ ಮೆಟಾಸ್ಟಾಸಿಸ್, ಅಂದರೆ ಹರಡುವಿಕೆ, ಎಂದು ಇದೇ ಲೇಖನ ಹೇಳುತ್ತದೆ. ಹರಡುವಿಕೆಯ ಕಾರಣಗಳು ಇನ್ನೂ ಪೂರ್ತಿ ಅರ್ಥವಾಗಿಲ್ಲ ಎಂದೂ ಒಪ್ಪಿಕೊಳ್ಳುತ್ತದೆ. ಹಾಗಿದ್ದೂ ಚಿತ್ರದಲ್ಲಿ ಅದಕ್ಕೆ ಸಿಕ್ಕಿದ್ದು ಆರರಲ್ಲಿ ಒಂದು ಪಾಲು. ಚೆನ್ನಾಗಿ ತಿಳಿದ ಐದರ ಪಕ್ಕದಲ್ಲಿ ತಿಳಿಯದ ಒಂದನ್ನು ಅದೇ ಅಳತೆಯ ಚಿಹ್ನೆ ಹಾಕಿ ಕೂರಿಸಿದಾಗ, ಅಜ್ಞಾನಕ್ಕೂ ಜ್ಞಾನದ ವೇಷ ಬಂದುಬಿಡುತ್ತದೆ. ಪಠ್ಯದಲ್ಲಿರುವ ಎಚ್ಚರ ಚಿತ್ರದಲ್ಲಿಲ್ಲ. ಉಪನ್ಯಾಸದ ಸ್ಲೈಡುಗಳಿಗೆ ಹೋದದ್ದು ಚಿತ್ರ.

ಲೇಖನ ಮುಗಿಯುವುದು ಒಂದು ಭವಿಷ್ಯವಾಣಿಯಲ್ಲಿ. ಎರಡು ದಶಕ ಕಳೆಯುವಷ್ಟರಲ್ಲಿ ಕೋಶದ ಎಲ್ಲ ಸಂಕೇತ ಮಾರ್ಗಗಳ ನಕ್ಷೆ ಕೈಗೆ ಬರುತ್ತದೆ, ಚಿಕಿತ್ಸೆ ತರ್ಕಬದ್ಧ ವಿಜ್ಞಾನವಾಗುತ್ತದೆ ಎಂಬ ಭರವಸೆ ಅದು. ಗಡುವು ಮುಗಿದಾಗ ನಕ್ಷೆ ಪೂರ್ತಿಯಾಗಿರಲಿಲ್ಲ, ಪಟ್ಟಿ ಉದ್ದವಾಗಿತ್ತು. 2011ರಲ್ಲಿ 10, 2022ರಲ್ಲಿ ಹನಹಾನ್ ಒಬ್ಬರೇ ಬರೆದ ಆವೃತ್ತಿಯಲ್ಲಿ ಇನ್ನೂ 4 ಸೇರ್ಪಡೆಯ ಪ್ರಸ್ತಾಪ. ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳುವ ಗುಣ ಮೊದಲ ಆರರಲ್ಲಿ ಇರಲೇ ಇಲ್ಲ. ಆದರೆ ಅದೇ ವ್ಯವಸ್ಥೆಯನ್ನು ಕ್ಯಾನ್ಸರ್ ವಿರುದ್ಧ ಹೂಡಿ ಜೇಮ್ಸ್ ಆಲಿಸನ್ ಮುಂದೆ ನೊಬೆಲ್ ಪಡೆದ ಕೆಲಸದ ಇಲಿ ಪ್ರಯೋಗಗಳು ಲೇಖನಕ್ಕೂ ಮೊದಲೇ, 1996ರಲ್ಲಿ, ಪ್ರಕಟವಾಗಿದ್ದವು. ಹೊಸದು ಬಂದಾಗೆಲ್ಲ ಒಂದು ಮನೆ ಸೇರಿಸಿಕೊಳ್ಳುವ ಪಟ್ಟಿಯನ್ನು ಯಾವ ಪ್ರಯೋಗವೂ ಸುಳ್ಳು ಮಾಡಲಾರದು.

ಟೀಕಾಕಾರರು ಬರಲಿಲ್ಲವೆಂದಲ್ಲ. ಆರರಲ್ಲಿ ಐದು ಲಕ್ಷಣಗಳು ನಿರುಪದ್ರವಿ ಗಡ್ಡೆಗಳಲ್ಲೂ ಇವೆ ಎಂದು ಯೂರಿ ಲಜೆಬ್ನಿಕ್ 2010ರಲ್ಲೇ ತೋರಿಸಿದರು; ಆ ಮಾತಿಗೆ ಸಿಗಬೇಕಾದ ಗಮನ ಸಿಗಲಿಲ್ಲ. ಕಾರ್ಲೋಸ್ ಸೊನೆನ್‌ಶೈನ್ ಮತ್ತು ಆನಾ ಸೊಟೊ ಅವರದು ಇನ್ನೂ ಕಟುವಾದ ವಿಮರ್ಶೆ. ಅದು 2013ರಲ್ಲಿ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಜರ್ನಲ್ ಆಫ್ ಬಯೋಸೈನ್ಸಸ್’ನಲ್ಲಿ. ಕ್ಯಾನ್ಸರ್ ಹುಟ್ಟುವುದು ಕೋಶದ ಜೀನಿನಲ್ಲಲ್ಲ, ಅಂಗಾಂಶದ ರಚನೆ ಕೆಟ್ಟಲ್ಲಿ ಎಂಬುದು ಅವರ ವಾದ. ಬೋಸ್ಟನ್ನಿನ ಜೋಡಿಯೊಂದು ಪಕ್ಕದ ಕೇಂಬ್ರಿಡ್ಜಿನ ದೊರೆ ವೈನ್‌ಬರ್ಗರನ್ನು ಬೆಂಗಳೂರಿನಿಂದ ಎದುರಿಸಿದ್ದು ನನಗೆ ಖುಷಿಯೇ. ಆದರೆ ವಾದ ಗುರಿ ತಪ್ಪಿದೆ. ಅವರು ಹೊಡೆಯಲು ಹೋದದ್ದು ಸಮೀಕ್ಷೆಯ ಅಡಿಪಾಯವಾದ, ಜೀನಿನ ಬದಲಾವಣೆಯೇ ಕ್ಯಾನ್ಸರಿನ ಮೂಲ ಎಂಬ ರೂಪಾಂತರ ಸಿದ್ಧಾಂತವನ್ನು. ಅಡಿಪಾಯ ಗಟ್ಟಿಯಿದೆ, ಸಡಿಲವಿರುವುದು ಮೇಲಿನ ಅಲಂಕಾರ.

ಗಟ್ಟಿ ಎನ್ನಲು ಸಾಕ್ಷಿ ವೈನ್‌ಬರ್ಗ್ ಪ್ರಕಟಣೆಗಳ ಪಟ್ಟಿಯಲ್ಲೇ ಕೆಳಗಿದೆ. 1982ರ ನವೆಂಬರಿನ ‘ನೇಚರ್’ನಲ್ಲಿ ಅವರ ತಂಡ ಮೂತ್ರಕೋಶದ ಕ್ಯಾನ್ಸರಿನ ರಾಸ್ ಜೀನನ್ನು ಆರೋಗ್ಯವಂತ ಜೀನಿನ ಜೊತೆ ಹೋಲಿಸಿತು. ವ್ಯತ್ಯಾಸ ಒಂದೇ ಅಕ್ಷರದ್ದು: ಜಿ ಇದ್ದಲ್ಲಿ ಟಿ. ಅಷ್ಟಕ್ಕೇ ಪ್ರೋಟೀನಿನ 12ನೇ ಸ್ಥಾನದಲ್ಲಿ ಗ್ಲೈಸಿನ್ ಹೋಗಿ ವೇಲಿನ್ ಬಂತು. ಅದೇ ಸಂಚಿಕೆಯಲ್ಲಿ ಮರಿಯಾನೊ ಬಾರ್ಬಸಿದ್ ಅವರಿದ್ದ ತಂಡವೂ ಇದನ್ನೇ ಕಂಡಿತ್ತು. ಇದು ಸುಳ್ಳಾಗಬಹುದಿದ್ದ ಮಾತು, ಸುಳ್ಳಾಗಲಿಲ್ಲ. ರಾಸ್ ಕುಟುಂಬದ ಇನ್ನೊಂದು ಜೀನಿನಲ್ಲಿ ಇದೇ 12ನೇ ಸ್ಥಾನದ ಬದಲಾವಣೆಯನ್ನು ಹಿಡಿಯುವ ಸೊಟೊರಾಸಿಬ್ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

1982ರ ಆ ಲೇಖನದ ಉಲ್ಲೇಖಗಳ ಸಂಖ್ಯೆ ಸಮೀಕ್ಷೆಯ ಹತ್ತಿರಕ್ಕೂ ಬರುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದರ ಕಾರಣವನ್ನು ಹಿಂದೆಯೇ ಗುರುತಿಸಿದ್ದರು: ಪೂರ್ತಿ ಗೆದ್ದ ಸತ್ಯ ಪಠ್ಯಪುಸ್ತಕ ಸೇರುತ್ತದೆ, ಆಮೇಲೆ ಯಾರೂ ಅದರ ಮೂಲವನ್ನು ಹೆಸರಿಸುವುದಿಲ್ಲ. ಹರಟೆಗೆ ಅನುಕೂಲವಾದ ಸಾರಾಂಶಕ್ಕೆ ಆ ಅಪಾಯವಿಲ್ಲ.

ಸಮೀಕ್ಷೆ ಒಂದು ಪೀಳಿಗೆಗೆ ಸಮಾನ ಪರಿಭಾಷೆ ಕೊಟ್ಟಿತು, ಒಪ್ಪೋಣ. ವೈನ್‌ಬರ್ಗರೇ 2014ರಲ್ಲಿ ‘ಸೆಲ್’ನಲ್ಲಿ, ಸಂಕೀರ್ಣತೆಯಿಂದ ಸರಳತೆಗೆ ಬಂದ ಕ್ಷೇತ್ರ ಮತ್ತೆ ಸಂಕೀರ್ಣತೆಗೇ ಮರಳಿದೆ ಎಂದು ಬರೆದರು. ಅವರನ್ನು ಉಲ್ಲೇಖಿಸುವವರು ಇನ್ನೂ 2000ದ ಸರಳತೆಯಲ್ಲೇ ಇದ್ದಾರೆ. ಹುದ್ದೆ, ಅನುದಾನ, ಬಡ್ತಿಗಳನ್ನು ಉಲ್ಲೇಖ ಎಣಿಸಿ ಹಂಚುವ ಸಮಿತಿಗಳು ಈ ಒಂದು ಪ್ರಕಟಣೆ ಪಟ್ಟಿಯನ್ನು ಎದುರಿಗಿಟ್ಟುಕೊಂಡರೆ ಸಾಕು: ಅವರ ಅಳತೆಗೋಲು ವೈನ್‌ಬರ್ಗರ ಅತಿ ಮುಖ್ಯ ಕೆಲಸವನ್ನೇ ಕೆಳಗೆ ತಳ್ಳುತ್ತದೆ.