ಒಂದೇ ಪುಟದಲ್ಲಿ ಎರಡು ಇತಿಹಾಸ

ಪುಟದ ಒಂದು ಬದಿಗೆ ಇಸ್ರೇಲಿಗಳು ಹೇಳುವ ಚರಿತ್ರೆ, ಇನ್ನೊಂದು ಬದಿಗೆ ಪ್ಯಾಲೆಸ್ತೀನಿಯರು ಹೇಳುವ ಚರಿತ್ರೆ, ನಡುವೆ ವಿದ್ಯಾರ್ಥಿ ತನ್ನ ಮಾತು ಬರೆಯಲೆಂದು ಬಿಟ್ಟ ಖಾಲಿ ಗೆರೆಗಳು. ಶಾಂತಿಶಿಕ್ಷಣದ ಹೆಸರಿನಲ್ಲಿ ಬಂದ ಪಠ್ಯಗಳಲ್ಲಿ ಇಷ್ಟು ಧೈರ್ಯದ ವಿನ್ಯಾಸ ಅಪರೂಪ. ಬೆತ್ಲೆಹೆಮ್ ವಿಶ್ವವಿದ್ಯಾಲಯದ ಸಾಮಿ ಅದ್ವಾನ್ ಮತ್ತು ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡಾನ್ ಬಾರ್-ಓನ್ ಈ ಪಠ್ಯದ ರೂವಾರಿಗಳು. ನಾಜಿ ಅಪರಾಧಿಗಳ ಮಕ್ಕಳನ್ನು ಮಾತನಾಡಿಸಿ ಅಧ್ಯಯನ ಮಾಡಿದ್ದ ಬಾರ್-ಓನ್‌ಗೆ, ಮನೆಯವರು ಮುಚ್ಚಿಟ್ಟ ಗತಕಾಲ ಮುಂದಿನ ಪೀಳಿಗೆಯನ್ನು ಹೇಗೆ ಕಾಡುತ್ತದೆಂಬುದು ಚೆನ್ನಾಗಿ ಗೊತ್ತಿತ್ತು.

2000ರಲ್ಲಿ ಎರಡನೇ ಇಂತಿಫಾದಾ, ಅಂದರೆ ಇಸ್ರೇಲಿ ಆಡಳಿತದ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಭುಗಿಲೆದ್ದ ಮೇಲೂ ಎರಡೂ ಕಡೆಯ ಶಿಕ್ಷಕರು ಸೇರಿ ಕೂತು ಈ ಪಾಠಗಳನ್ನು ಬರೆದರು. ಪ್ಯಾಲೆಸ್ತೀನಿ ಶಿಕ್ಷಕರು ಜೆರುಸಲೇಮಿನ ಸಭೆಗೆ ಬರಬೇಕಾದರೆ ಇಸ್ರೇಲಿ ಸೇನೆಯ ಪರವಾನಗಿ ಬೇಕಿತ್ತು. ಮೊದಲ ಕಿರುಪುಸ್ತಕ ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ನೆಲೆ ಕೊಡಿಸಲು ಬ್ರಿಟನ್ ಬೆಂಬಲ ಸಾರಿದ 1917ರ ಬಾಲ್ಫೋರ್ ಘೋಷಣೆ, 1948ರ ಯುದ್ಧ ಮತ್ತು 1987ರ ಇಂತಿಫಾದಾಗಳನ್ನು ಎತ್ತಿಕೊಂಡಿತು. ಮುಂದೆ ಈ ಕೆಲಸ ಬೆಳೆದು 2012ರಲ್ಲಿ ದೊಡ್ಡ ಪುಸ್ತಕವಾಗಿ ಇಂಗ್ಲಿಷಿನಲ್ಲೂ ಬಂತು. ಅಷ್ಟರಲ್ಲಿ ಬಾರ್-ಓನ್ ತೀರಿಕೊಂಡಿದ್ದರು.

ಫ್ರಾನ್ಸ್ ಮತ್ತು ಜರ್ಮನಿ 2006ರಲ್ಲಿ ಹೊರತಂದ ಜಂಟಿ ಇತಿಹಾಸ ಪಠ್ಯದ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಅಲ್ಲಿ ಎರಡು ದೇಶಗಳ ಮಕ್ಕಳಿಗೂ ಒಂದೇ ಪಾಠ. ಆದರೆ ಆ ಪಠ್ಯ ಬಂದದ್ದು ಗಡಿಜಗಳ ಮುಗಿದು ದಶಕಗಳಾದ ಮೇಲೆ, ಎರಡೂ ಸರ್ಕಾರಗಳ ಬೆಂಬಲದಿಂದ. ರಕ್ತ ಹರಿಯುತ್ತಿರುವಾಗಲೇ ಒಮ್ಮತದ ಪಾಠ ಬರೆದಿದ್ದರೆ ಅದು ಯಾರದೋ ನೋವನ್ನು ಕತ್ತರಿಸಿ ಹಾಕಿದ ಪಾಠವಾಗುತ್ತಿತ್ತು. ಅದ್ವಾನ್ ಮತ್ತು ಬಾರ್-ಓನ್ ಅದಕ್ಕೆ ಕೈಹಾಕದೇ ಇದ್ದದ್ದು ಸರಿಯಾದ ತೀರ್ಮಾನ ಎಂದೇ ನನ್ನ ನಿಲುವು.

ತಕರಾರು ಇರುವುದು ಬೇರೆ ಕಡೆ. ಬಾಲ್ಫೋರ್ ಪಾಠವನ್ನು ಇಸ್ರೇಲಿ ಅಂಕಣ ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ಚಳವಳಿಯಾದ ಜಿಯೋನಿಸಂನಿಂದ ಆರಂಭಿಸುತ್ತದೆ. ಪ್ಯಾಲೆಸ್ತೀನಿ ಅಂಕಣ ಇನ್ನೂ ಹಿಂದಕ್ಕೆ, 1799ರಲ್ಲಿ ಯಹೂದಿಗಳಿಗೆ ರಾಜ್ಯ ಕೊಡುವುದಾಗಿ ನೆಪೋಲಿಯನ್ ಹೇಳಿದನೆಂಬ ಸಂಗತಿಗೆ ಹೋಗುತ್ತದೆ. ಆ ಘೋಷಣೆ ನಿಜಕ್ಕೂ ಹೊರಟಿತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲೇ ಗಾಢ ಸಂಶಯವಿದೆ. ಅದು ಮಕ್ಕಳಿಗೆ ಗೊತ್ತಾಗುವುದು ಹೇಗೆ? ಒಂದು ಸಮುದಾಯ ಏನನ್ನು ನಂಬುತ್ತದೆ ಎಂದು ಕಲಿಸುವುದು ಒಂದು ಕೆಲಸ, ಏನು ನಡೆಯಿತು ಎಂದು ಹುಡುಕಲು ಕಲಿಸುವುದು ಇನ್ನೊಂದು. ಎರಡನೆಯದನ್ನು ಬಿಟ್ಟರೆ ಮಾನವ ಹಕ್ಕುಗಳ ಶಿಕ್ಷಣಕ್ಕೆ ಬೇರೇ ಇಲ್ಲ. ಯಾರ ಹಕ್ಕು ಎಲ್ಲಿ ಹೋಯಿತೆಂಬುದು ಸಾಕ್ಷ್ಯದ ಮೇಲೆ ನಿಲ್ಲುವ ಪ್ರಶ್ನೆ.

ಎರಡೇ ಅಂಕಣವೆಂದರೆ ಎರಡೇ ದನಿಯೂ ಹೌದು. ಇಸ್ರೇಲಿನ ಪ್ರಜೆಗಳಲ್ಲಿ ಸುಮಾರು ಐದನೇ ಒಂದು ಪಾಲು ಅರಬರು. ಇರಾಕ್, ಮೊರಾಕೊಗಳಿಂದ ಬಂದ ಯಹೂದಿಗಳ ಮನೆಗಳಲ್ಲಿ ಅರಬ್ಬೀ ಮಾತು ಇತ್ತು. ಇವರ ಮಕ್ಕಳು ಯಾವ ಬದಿಯನ್ನು ತಮ್ಮದೆಂದು ಓದಬೇಕು? ಜೊತೆಗೆ, ಅಂಕಣಗಳ ಅಗಲ ಸಮವಾಗಿದ್ದ ಮಾತ್ರಕ್ಕೆ ಅಧಿಕಾರ ಸಮವಾಗುವುದಿಲ್ಲ. ಸಭೆಗೆ ಬರಲು ಒಬ್ಬ ಶಿಕ್ಷಕ ಪರವಾನಗಿ ಬೇಡಬೇಕು, ಇನ್ನೊಬ್ಬ ಬೇಡಬೇಕಿಲ್ಲ ಎಂಬ ಸತ್ಯಕ್ಕೆ ಈ ವಿನ್ಯಾಸದಲ್ಲಿ ಜಾಗವಿಲ್ಲ.

ಈ ಕೊರತೆಗಳು ಏನೇ ಇರಲಿ, ಎರಡೂ ಕಡೆಯ ಆಡಳಿತಗಳು ಇದನ್ನು ಅಧಿಕೃತ ಪಠ್ಯವಾಗಿ ಒಪ್ಪಿಕೊಳ್ಳಲಿಲ್ಲ. ಗಾಜಾ ಗಡಿಗೆ ಹತ್ತಿರದ ಇಸ್ರೇಲಿ ಪ್ರೌಢಶಾಲೆಯೊಂದು ಇದನ್ನು ಬಳಸುತ್ತಿದ್ದಾಗ 2010ರಲ್ಲಿ ಇಸ್ರೇಲಿನ ಶಿಕ್ಷಣ ಇಲಾಖೆ ಅದನ್ನು ನಿಲ್ಲಿಸಿತು. ಎದುರಾಳಿಯ ಮಾತನ್ನು ಓದಿದ ಮಾತ್ರಕ್ಕೆ ತನ್ನದು ಕಳೆದುಹೋಗುತ್ತದೆ ಎಂಬ ಈ ಅಂಜಿಕೆಯೇ ಪುಸ್ತಕದ ಅಗತ್ಯವನ್ನು ತೋರಿಸುತ್ತದೆ. ಇದು ಮತ್ತೆ ಅಚ್ಚಾಗಬೇಕು, ಆದರೆ ಹೀಗೆಯೇ ಅಲ್ಲ. ಪ್ರತಿ ಪಾಠದ ಕೆಳಗೆ ಆ ಕಾಲದ ಆದೇಶಗಳು, ಪತ್ರಗಳು, ಊರು ಬಿಟ್ಟವರ ಹಾಗೂ ಊರು ಕಾದವರ ಹೇಳಿಕೆಗಳು ಇರಬೇಕು. ಎದುರಿನವರ ಮಾತನ್ನು ಕೇಳಿಸಿಕೊಳ್ಳುವುದರ ಜೊತೆಗೆ, ತನ್ನವರು ಬರೆದದ್ದನ್ನೂ ತಾಳೆ ನೋಡಲು ಹದಿನೈದರ ಹುಡುಗಿಗೆ ಅವು ಬೇಕು.