ಎಂಟು ಟನ್ನಿನ ಮುದ್ರೆ

ಆಫ್‌ರೋಡ್ ಹವ್ಯಾಸಿಗಳು ಸ್ನ್ಯಾಚ್ ಸ್ಟ್ರ್ಯಾಪ್ ಎಂಬ ಹಿಗ್ಗುವ ಪಟ್ಟಿಯ ಗುಣವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ‘ಎಂಟು ಟನ್ನಿಂದು’, ‘ಹನ್ನೊಂದು ಟನ್ನಿಂದು’. ಹೂತ ಗಾಡಿಯನ್ನು ಎಳೆದು ತೆಗೆಯುವ ಸಾಮಾನಿನ ಮೇಲೆ ಅಚ್ಚಾದ ಈ ಅಂಕಿಗೆ ಸಿಗುತ್ತಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು.

ಈ ಸಾಮಾನಿನ ಚೀಲದಲ್ಲಿರುವ ಅಂಕಿಗಳೆಲ್ಲ ಒಂದೇ ಅಳತೆಯವೂ ಅಲ್ಲ. ಪಟ್ಟಿಯ ಮೇಲಿನ 8,000 ಕೆ.ಜಿ. ಅದು ಹರಿಯುವ ಮಟ್ಟ. ಪಟ್ಟಿಯನ್ನು ಗಾಡಿಗೆ ಸಿಗಿಸುವ ಕೊಂಡಿ, ಅಂದರೆ ಶ್ಯಾಕಲ್ ಮೇಲಿನ 4.75 ಟನ್ ಅದರ ಮೇಲೆ ಹೇರಬಹುದಾದ ಮಿತಿ. ಆರು ಪಟ್ಟು ಸುರಕ್ಷತೆ ಇಟ್ಟು ಮಾಡಿದ ಶ್ಯಾಕಲ್ ಮುರಿಯಬೇಕಾದರೆ ಭಾರ 28 ಟನ್ ದಾಟಬೇಕು. ಬಲ್ಲವರಿಗೆ ಇದು ಹಳೆಯ ಪಾಠ.

ಪೀಡಿಸುವುದು ಆ 8,000ವೇ. ಒಂಬತ್ತು ಮೀಟರಿನ ನೈಲಾನ್ ಪಟ್ಟಿ, ಅಷ್ಟೇ ಉದ್ದದ ಡೈನೀಮಾ ಹಗ್ಗ, ಎರಡರ ಮೇಲೂ ಅದೇ ಮುದ್ರೆ ಇದೆಯೆನ್ನಿ. ಹರಿಯುವ ಮುನ್ನ ಪಟ್ಟಿ 1.8 ಮೀಟರ್ ಹಿಗ್ಗುತ್ತದೆ, ಹಗ್ಗ ಹೆಚ್ಚೆಂದರೆ 30 ಸೆಂಟಿಮೀಟರ್ ಎಂದಿಟ್ಟುಕೊಂಡು ಸರಳ ಲೆಕ್ಕ ಹಾಕಿದರೆ, ಪಟ್ಟಿ ಸುಮಾರು 70,000 ಜೌಲ್ ಶಕ್ತಿಯನ್ನು ನುಂಗಬಲ್ಲದು. ಹಗ್ಗ 12,000 ಮಾತ್ರ. ಹೂತದ್ದನ್ನು ಜಗ್ಗಲು ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡಿಬಂದ 2,500 ಕೆ.ಜಿ. ಗಾಡಿಯಲ್ಲಿರುವುದು 9,600 ಜೌಲ್. ವೇಗ 20ಕ್ಕೇರಿದರೆ ಅದು 38,000 ದಾಟುತ್ತದೆ. ಆಗ ಪಟ್ಟಿಗೆ ಏನೂ ಆಗದು, ಹಗ್ಗ ಹರಿದು ಹಾರುತ್ತದೆ. ಈ ವ್ಯತ್ಯಾಸದ ಸುಳಿವನ್ನೂ ಕೊಡದ ಅಂಕಿಯನ್ನು ನಂಬಿ ಜನ ಆಕ್ಸಿಲರೇಟರ್ ತುಳಿಯುತ್ತಾರೆ.

ಹೆಚ್ಚು ಟನ್ನಿನದು ಕೊಂಡರೆ ಕ್ಷೇಮ ಎಂಬ ನಂಬಿಕೆಯೂ ಇಲ್ಲಿಂದಲೇ ಹುಟ್ಟಿದ್ದು. ಪಟ್ಟಿಯ ಬಲ ಗಾಡಿಯ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಲಿ ಎನ್ನುತ್ತದೆ ಆಸ್ಟ್ರೇಲಿಯದ ಕಡ್ಡಾಯ ಸುರಕ್ಷತಾ ಮಾನದಂಡ. ಮೇಲಿನ ಮಿತಿಯೇ ಇದರ ಜಾಣತನ: ಅತಿ ಗಟ್ಟಿ ಪಟ್ಟಿ ಹಗುರ ಗಾಡಿಗೆ ಸಾಕಷ್ಟು ಹಿಗ್ಗುವುದಿಲ್ಲ, ಏಟೆಲ್ಲ ಚಾಸಿಗೆ ಬೀಳುತ್ತದೆ. ತುಂಬಿದರೂ ಒಂದೂವರೆ ಟನ್ನಿನ ಆಸುಪಾಸಿನಲ್ಲಿರುವ ಜಿಮ್ನಿ ಗಾಡಿಗೆ ಎಂಟು ಟನ್ನಿನ ಪಟ್ಟಿ ಕಟ್ಟಿ ಸಕಲೇಶಪುರದ ಕೆಸರಿಗಿಳಿಯುವವರು ಐದು ಪಟ್ಟು ದಾಟಿರುತ್ತಾರೆ.

ಇನ್ನು ಪಟ್ಟಿಗಳನ್ನು ಯಂತ್ರಕ್ಕೆ ಸಿಗಿಸಿ, ಹರಿಯುವವರೆಗೆ ಜಗ್ಗಿ, ‘ಎಂಟು ಹೇಳಿದ್ದು ಒಂಬತ್ತು ತಡೆಯಿತು’ ಎಂದು ತೀರ್ಪು ಕೊಡುವ ವಿಡಿಯೋ ವಿಮರ್ಶಕರು. ಅವರ ಶ್ರಮ ದೊಡ್ಡದೇ, ಸುಳ್ಳು ಮುದ್ರೆ ಹಾಕುವವರು ಅವರಿಂದ ಸಿಕ್ಕಿಬಿದ್ದರೆ ಸಂತೋಷ. ಆದರೆ ಅವರು ಎಳೆಯುವುದು ಹೊಸ, ಒಣ ಪಟ್ಟಿಯನ್ನು, ನಿಧಾನವಾಗಿ, ನೇರ ಗೆರೆಯಲ್ಲಿ. ಹೊಳೆಯಲ್ಲಿ ನೆನೆದ ನೈಲಾನ್ ಶೇಕಡಾ ಹತ್ತು ಹದಿನೈದರಷ್ಟು ಬಲ ಕಳೆದುಕೊಳ್ಳುತ್ತದೆ. ಕೆಸರಿನ ಮರಳು ಎಳೆಗಳನ್ನು ಒಳಗಿನಿಂದಲೇ ತಿನ್ನುತ್ತದೆ. ಎಷ್ಟು ಭಾರಕ್ಕೆ ಎಷ್ಟು ಹಿಗ್ಗಿತು ಎಂಬ ಗೆರೆಯನ್ನು ತೋರಿಸಿದ್ದರೆ ಕೊಳ್ಳುವವನಿಗೆ ಪ್ರಯೋಜನವಾಗುತ್ತಿತ್ತು. ಅವರು ತೋರಿಸುವುದು ಹರಿಯುವ ಕ್ಷಣವನ್ನು, ಅದೂ ಸ್ಲೋ ಮೋಷನ್ನಿನಲ್ಲಿ.

ಎಲ್ಲಕ್ಕಿಂತ ಮೋಸಗಾರ ಅಂಕಿ ಟೋ ಬಾಲ್ ಮೇಲಿರುವ 3,500 ಕೆ.ಜಿ. ಅದು ಎಳೆಯಬಹುದಾದ ಟ್ರೈಲರಿನ ತೂಕ. ಜಗ್ಗುವ ಪಟ್ಟಿಯ ಏಟಿಗೂ ಅದಕ್ಕೂ ಸಂಬಂಧವಿಲ್ಲ. ಆ ಗುಂಡಿಗೆ ಪಟ್ಟಿ ಸಿಗಿಸಿ, ಅದು ಕಿತ್ತು ಹಾರಿ ಆಸ್ಟ್ರೇಲಿಯದಲ್ಲಿ ಜನ ಸತ್ತಿದ್ದಾರೆ. ಅನೇಕ ಗಾಡಿಗಳ ಮುಂಭಾಗದ ಕಬ್ಬಿಣದ ಕುಣಿಕೆಗಳಂತೂ ಸಾಗಣೆಯಲ್ಲಿ ಗಾಡಿ ಅಲುಗದಂತೆ ಬಿಗಿಯಲು ಇಟ್ಟವು. ಅವುಗಳ ಮೇಲೆ ಅಂಕಿಯೇ ಇಲ್ಲ. ಎಂಟು ಟನ್ನಿನ ಪಟ್ಟಿಯ ಇನ್ನೊಂದು ತುದಿಯನ್ನು ಎಷ್ಟೋ ಮಂದಿ ಅಲ್ಲಿಗೇ ಕಟ್ಟುತ್ತಾರೆ.